ಗೇರ್ ಬಾಕ್ಸಿಗೆ ಜಿಎಲ್-5 ಹಾಕ್ಸಿದ್ರೆ ಜಿಎಲ್-4ಗಿಂತ ಒಳ್ಳೇದಾ?

ಪ್ರಶ್ನೆ: ನಮಸ್ಕಾರ ಸರ್, ನಾನು ಹಾಸನದವನು. ನನ್ನ ಹತ್ರ 2013ರ ಸ್ವಿಫ್ಟ್ ಪೆಟ್ರೋಲ್ ಇದೆ, 92 ಸಾವಿರ ಕಿಲೋಮೀಟರ್ ಓಡಿದೆ, ಗೇರ್ ಆಯಿಲ್ ಯಾವತ್ತು ಬದಲಾಯಿಸಿದ್ದು ಅಂತ ನೆನಪಿಲ್ಲ. ಬೆಳಿಗ್ಗೆ ಗಾಡಿ ತೆಗೆದಾಗ ಎರಡು ಮೂರು ಕಿಲೋಮೀಟರ್ ವರೆಗೂ ಸೆಕೆಂಡ್ ಗೇರ್ ಗಟ್ಟಿ ಇರುತ್ತೆ, ಆಮೇಲೆ ಸರಿ ಹೋಗುತ್ತೆ. ಒಂದು ಗ್ಯಾರೇಜಲ್ಲಿ 80ಡಬ್ಲ್ಯು-90 ಜಿಎಲ್-5 ಹಾಕ್ತೀವಿ, ಅದೇ ಹೈ ಗ್ರೇಡು ಅಂದ್ರು. ಇನ್ನೊಬ್ರು ಜಿಎಲ್-5 ಬೇಡ್ವೇ ಬೇಡ, ಒಳಗಿರೋ ಹಿತ್ತಾಳೆ ತಿಂದುಹಾಕುತ್ತೆ ಅಂದ್ರು. ಮನೇಲಿ ಅಪ್ಪನ ಹಳೇ ಓಮ್ನಿನೂ ಇದೆ, ಎರಡಕ್ಕೂ ಒಂದೇ ಕ್ಯಾನ್ ತಂದ್ರೆ ನಡಿಯುತ್ತಾ? ಸಿಂಥೆಟಿಕ್ ಹಾಕ್ಸಿದ್ರೆ ಪ್ರಯೋಜನ ಇದ್ಯಾ?

ಉತ್ತರ: ನಮಸ್ಕಾರ. ಮೊದಲು ನೇರ ಉತ್ತರ ಹೇಳಿಬಿಡ್ತೀನಿ, ಆಮೇಲೆ ಯಾಕೆ ಅಂತ ವಿವರವಾಗಿ ನೋಡೋಣ. ಸ್ವಿಫ್ಟಿಗೆ ಜಿಎಲ್-4, 75ಡಬ್ಲ್ಯು ಇಂದ ಶುರುವಾಗೋದು, ಆಗೋದಾದ್ರೆ ಸಿಂಥೆಟಿಕ್ (ಜಿಎಲ್ ನಂಬರ್ ಗೇರ್ ಎಣ್ಣೆಯ ಬಗೆ ಹೇಳುತ್ತೆ, ಡಬ್ಲ್ಯು ಇರೋ ನಂಬರ್ ಅದರ ದಪ್ಪ). ಅದು 75ಡಬ್ಲ್ಯು-80 ಆಗ್ಬೇಕಾ 75ಡಬ್ಲ್ಯು-90 ಆಗ್ಬೇಕಾ ಅನ್ನೋದಕ್ಕೆ ಗಾಡಿ ಜೊತೆ ಬಂದಿರೋ ಮ್ಯಾನ್ಯುಯಲ್ ತೆಗೆದು ನೋಡಿ, ಅಲ್ಲಿ ಏನು ಬರೆದಿದ್ಯೋ ಅದನ್ನೇ ಹಾಕ್ಸಿ. ಓಮ್ನಿಗೆ ಎರಡು ಬೇರೆ ಬೇರೆ ಆಯಿಲ್ ಬೇಕು, ಒಂದೇ ಕ್ಯಾನಲ್ಲಿ ಮುಗಿಯೋ ಕೆಲಸ ಅಲ್ಲ ಅದು. ಇನ್ನು ನಿಮಗೆ ಸಲಹೆ ಕೊಟ್ಟ ಇಬ್ಬರಲ್ಲಿ ಎರಡನೇಯವರ ಮಾತು ಕೇಳಿ, ಆದ್ರೆ ಅವರು ಕೊಟ್ಟ ಕಾರಣ ಅರ್ಧ ಮಾತ್ರ ಸರಿ.

ಈ ಜಿಎಲ್ ನಂಬರ್ ವಿಷಯದಲ್ಲಿ ಆಗೋಷ್ಟು ಗೊಂದಲ ಬೇರೆ ಯಾವುದರಲ್ಲೂ ಆಗಲ್ಲ. ಇಂಜಿನ್ ಆಯಿಲ್ ನೋಡಿ ಅಭ್ಯಾಸ ಆಗಿರುತ್ತಲ್ಲ, ಅಲ್ಲಿ ಎಸ್‌ಎಲ್ ಆದ್ಮೇಲೆ ಎಸ್‌ಎಮ್ ಬಂತು, ಎಸ್‌ಎಮ್ ಆದ್ಮೇಲೆ ಎಸ್‌ಎನ್ ಬಂತು, ಹೊಸದು ಬಂದ್ರೆ ಹಳೇದರ ಜಾಗಕ್ಕೆ ಕಣ್ಣುಮುಚ್ಚಿ ಹಾಕ್ಬೋದು. ಅದೇ ಲೆಕ್ಕದಲ್ಲಿ ಜಿಎಲ್-5 ಅನ್ನೋದು ಜಿಎಲ್-4ರ ಅಣ್ಣ ಅಂದ್ಕೊಂಡುಬಿಡ್ತಾರೆ, ಗ್ಯಾರೇಜಿನವರೂ ಅಷ್ಟೇ, ಅಂಗಡಿಯವರೂ ಅಷ್ಟೇ. ಹಾಗಲ್ಲ. ಅಮೆರಿಕದ ಎಪಿಐ ಸಂಸ್ಥೆ ಈ ನಂಬರ್ ಕೊಟ್ಟಿರೋದು ಗೇರು ಎಂಥದ್ದು, ಅದರ ಮೇಲೆ ಎಷ್ಟು ಒತ್ತಡ ಬೀಳುತ್ತೆ ಅನ್ನೋದನ್ನ ನೋಡಿ. ಕೆಲಸ ಬೇರೆ, ಆಯಿಲ್ ಬೇರೆ.

ಜಿಎಲ್-5 ಮುಖ್ಯವಾಗಿ ಹೈಪಾಯ್ಡ್ ಗೇರಿಗೆ. ಹೈಪಾಯ್ಡ್ ಅಂದ್ರೆ ಹಿಂದಿನ ಚಕ್ರ ತಿರುಗಿಸೋ ಗಾಡಿಗಳಲ್ಲಿ ಹಿಂದೆ ಆಕ್ಸಲ್ ಮಧ್ಯ ಒಂದು ಗುಂಡಗಿನ ಹೌಸಿಂಗ್ ಇರುತ್ತಲ್ಲ, ನಮ್ಮ ಮೆಕ್ಯಾನಿಕ್‌ಗಳು ಕ್ರೌನ್ ಪಿನಿಯನ್ ಅಂತಾರೆ, ಅದು. ಅಲ್ಲಿ ಪಿನಿಯನ್ ಬಂದು ಕ್ರೌನ್ ವೀಲಿನ ನಡುಮಧ್ಯಕ್ಕೆ ಸೇರಲ್ಲ, ಸ್ವಲ್ಪ ಕೆಳಗೆ ಸರಿದು ಸೇರುತ್ತೆ. ಹಾಗೆ ಸರಿದಿರೋದ್ರಿಂದ ಹಲ್ಲು ಹಲ್ಲಿನ ಮೇಲೆ ಬರೀ ಉರುಳಲ್ಲ, ಉದ್ದಕ್ಕೂ ಜಾರ್ಕೊಂಡು ಹೋಗುತ್ತೆ. ಆ ಒತ್ತಡದಲ್ಲಿ ಜಾರುವಾಗ ಮಧ್ಯದಲ್ಲಿರೋ ಎಣ್ಣೆ ಪದರ ಹರಿದುಹೋಗುತ್ತೆ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಆ ಬಿಸಿಗೆ ಒಂದಕ್ಕೊಂದು ಅಂಟಿಕೊಂಡು ಕಿತ್ತುಬರೋ ಸ್ಥಿತಿ ಆಗುತ್ತೆ. ಅದನ್ನ ತಡಿಯೋಕೆ ಗಂಧಕ ಮತ್ತೆ ರಂಜಕ ಇರೋ ಇಪಿ ಅಡಿಟಿವ್, ಅಂದ್ರೆ ಅತಿ ಒತ್ತಡ ತಡಿಯೋ ರಾಸಾಯನಿಕ, ಹಾಕ್ತಾರೆ, ಅದು ಬಿಸಿ ತಾಗಿದ ಜಾಗದಲ್ಲಿ ಕಬ್ಬಿಣದ ಜೊತೆ ಸೇರಿ ತೆಳ್ಳಗೆ ಒಂದು ಪೊರೆ ಕಟ್ಟುತ್ತೆ, ಸವೆಯೋದಿದ್ರೆ ಆ ಪೊರೆ ಸವೆಯುತ್ತೆ, ಹಲ್ಲು ಉಳಿಯುತ್ತೆ. ಜಿಎಲ್-5ರಲ್ಲಿ ಈ ಅಡಿಟಿವ್ ಜಿಎಲ್-4ಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಇರುತ್ತೆ.

ಈಗ ನಿಮ್ಮ ಸ್ವಿಫ್ಟ್ ನೋಡಿ. ಮುಂದಿನ ಚಕ್ರ ತಿರುಗೋ ಗಾಡಿ, ಇಂಜಿನ್ ಅಡ್ಡಡ್ಡ ಕೂತಿದೆ, ಗೇರ್ ಬಾಕ್ಸು ಡಿಫರೆನ್ಷಿಯಲ್ಲು ಎರಡೂ ಒಂದೇ ಕವಚದೊಳಗೆ ಒಂದೇ ಎಣ್ಣೆಲಿ ಮುಳುಗಿವೆ. ಇಂಜಿನ್ ಶಾಫ್ಟೂ ಚಕ್ರದ ಆಕ್ಸಲ್ಲೂ ಒಂದೇ ದಿಕ್ಕಲ್ಲಿ ಇರೋದ್ರಿಂದ ತಿರುವು ತಗೊಳ್ಳೋ ಅವಶ್ಯಕತೆನೇ ಇಲ್ಲ, ಹಾಗಾಗಿ ಅಲ್ಲಿ ಕೊನೇ ಗೇರು ಕೂಡ ಮಾಮೂಲಿ ಹೆಲಿಕಲ್ ಗೇರು, ಹೈಪಾಯ್ಡ್ ಅಲ್ಲ. ಜಿಎಲ್-5 ಯಾವ ಕೆಲಸಕ್ಕೆ ಹುಟ್ಟಿದ್ಯೋ ಆ ಕೆಲಸ ನಿಮ್ಮ ಗಾಡಿಯಲ್ಲಿ ಎಲ್ಲೂ ಇಲ್ಲ. ಈ ಒಂದು ವಿಷಯ ಗೊತ್ತಾದ್ರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

ಇನ್ನರ್ಧ ಇರೋದು ಸಿಂಕ್ರೊ ರಿಂಗಲ್ಲಿ, ಅಂದ್ರೆ ಗೇರುಗಳ ವೇಗ ಸಮ ಮಾಡೋ ಹಿತ್ತಾಳೆ ರಿಂಗಲ್ಲಿ. ನೀವು ಫಸ್ಟಿಂದ ಸೆಕೆಂಡಿಗೆ ಹಾಕುವಾಗ ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡಿ, ಯಾಕಂದ್ರೆ ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಸ್ವಿಫ್ಟಲ್ಲಿ ಫಸ್ಟ್ ಗೇರಿನ ಅನುಪಾತ ಸುಮಾರು 3.5, ಸೆಕೆಂಡಿನದು ಸುಮಾರು 1.9. ಅಂದ್ರೆ ಇಂಜಿನ್ 3000 ಆರ್‌ಪಿಎಮ್ ಇದ್ದಾಗ ನೀವು ಗೇರ್ ಬದಲಾಯಿಸಿದ್ರೆ, ಗಾಡಿ ವೇಗ ಅಷ್ಟೇ ಇರ್ಬೇಕಾದ್ರೆ, ಒಳಗೆ ಇನ್‌ಪುಟ್ ಶಾಫ್ಟು 3000ದಿಂದ ಸುಮಾರು 1600ಕ್ಕೆ ಇಳೀಬೇಕು, ಅದೂ ನಿಮ್ಮ ಕೈ ಲಿವರ್ ತಳ್ಳೋ ಅಷ್ಟು ಹೊತ್ತಲ್ಲಿ. ಆ ವೇಗ ಇಳಿಸೋ ಕೆಲಸ ಸಿಂಕ್ರೊ ರಿಂಗಿಂದು. ಅದು ಗೇರಿನ ಪಕ್ಕದಲ್ಲಿರೋ ಕೋನಿನ ಮೇಲೆ ಒತ್ತಿ, ಹಿಡಿದು, ಉಜ್ಜಿ ವೇಗ ಸಮ ಮಾಡುತ್ತೆ, ಸಮ ಆಗೋ ವರೆಗೂ ಹಲ್ಲು ಸೇರೋಕೆ ಬಿಡಲ್ಲ. ನಿಮ್ಮ ಕೈಗೆ ಗಟ್ಟಿ ಅನ್ಸೋದು ಅದು ತಡೆದು ನಿಲ್ಲಿಸಿರೋ ಆ ಕ್ಷಣ. ಮೇಲಿನ ಗೇರುಗಳಲ್ಲಿ ಅನುಪಾತಗಳು ಹತ್ತಿರ ಹತ್ತಿರ ಇರೋದ್ರಿಂದ ಅಲ್ಲಿ ಇಷ್ಟು ಗೊತ್ತಾಗಲ್ಲ, ಸೆಕೆಂಡೇ ಮೊದಲು ದೂರು ಹೇಳೋದು ಅದಕ್ಕೆ.

ಅಂದ್ಮೇಲೆ ಈ ರಿಂಗಿಗೆ ಬೇಕಾಗಿರೋದು ಹಿಡಿತ, ಜಾರಿಕೆ ಅಲ್ಲ. ಗೇರ್ ಹಲ್ಲಿಗೆ ಜಾರಬೇಕು, ಬೇರಿಂಗಿಗೆ ಜಾರಬೇಕು, ಅದೇ ಎಣ್ಣೆಲಿ ಮುಳುಗಿರೋ ರಿಂಗಿಗೆ ಮಾತ್ರ ಉಜ್ಜಬೇಕು. ಎರಡನ್ನೂ ತೂಗಿಸ್ಕೊಂಡು ಮಾಡಿರೋ ಎಣ್ಣೆಗಳು ಜಿಎಲ್-4 ಹೆಸರಲ್ಲಿ ಸಿಗ್ತವೆ, ಗೇರ್ ಬಾಕ್ಸಿಗೆ ಅಂತಾನೇ ಮಾಡಿರೋದು. ಆಕ್ಸಲಿಗೆ ಮಾಡಿರೋ ಜಿಎಲ್-5 ತಂದು ಸುರಿದ್ರೆ ಸೈಕಲ್ ರಿಮ್ಮಿಗೆ ಎಣ್ಣೆ ಬಿದ್ದಾಗ ಬ್ರೇಕ್ ಶೂ ಹೆಂಗೆ ಜಾರುತ್ತೋ ಹಂಗೆ ರಿಂಗು ಕೋನಿನ ಮೇಲೆ ಜಾರುತ್ತೆ, ವೇಗ ಸಮ ಆಗೋಕೆ ತಡ ಆಗುತ್ತೆ, ಅವಸರದಲ್ಲಿ ತಳ್ಳಿದ್ರೆ ಕರ್ರ್ ಅನ್ನುತ್ತೆ. ಎಷ್ಟೋ ಜನ ಸರ್ವೀಸ್ ಮಾಡ್ಸಿದ್ಮೇಲೆ ಗೇರ್ ಬೀಳೋದು ಮೊದಲಿಗಿಂತ ಹಾಳಾಯ್ತು ಅಂತ ಬರೀತಾರೆ, ಕ್ಯಾನಿನ ಫೋಟೋ ಕಳಿಸಿ ಅಂದ್ರೆ ಬಹಳ ಸಲ ಜಿಎಲ್-5ಏ ಇರುತ್ತೆ.

ಹಿತ್ತಾಳೆ ತಿನ್ನೋ ವಿಷಯಕ್ಕೆ ಬರ್ತೀನಿ. ಮಾತು ಸುಳ್ಳಲ್ಲ. ಹಿತ್ತಾಳೆಲಿ ತಾಮ್ರ ಇರುತ್ತೆ, ಗಂಧಕಕ್ಕೆ ತಾಮ್ರ ಕಂಡ್ರೆ ಆಗಲ್ಲ, ಕಬ್ಬಿಣದ ಜೊತೆ ಸೇರೋಕೆ ತುಂಬಾ ಬಿಸಿ ಬೇಕು, ತಾಮ್ರದ ಜೊತೆ ಅಷ್ಟು ಬೇಡ. ಹಿತ್ತಾಳೆ ರಿಂಗ್ ಮೇಲೆ ಕಪ್ಪಗೆ ಒಂದು ಪದರ ಕಟ್ಟುತ್ತೆ, ಒಂದೊಂದು ಸಲ ಗೇರ್ ಹಾಕಿದಾಗ್ಲೂ ಆ ಪದರ ಉಜ್ಜಿ ಹೋಗುತ್ತೆ, ಮತ್ತೆ ಕಟ್ಟುತ್ತೆ, ಹಿಂಗೆ ನಿಧಾನಕ್ಕೆ ರಿಂಗ್ ಸವೆಯುತ್ತೆ. ಆದ್ರೆ ಹಳೇ ಕಾಲದ ಜಿಎಲ್-5 ಬೇರೆ, ಈಗಿಂದು ಬೇರೆ. ಈಗಿನ ಒಳ್ಳೇ ಕಂಪನಿಯ ಎಣ್ಣೆಗಳಲ್ಲಿ ತಾಮ್ರ ಕಾಪಾಡೋ ಅಡಿಟಿವ್ ಇರುತ್ತೆ, ತಾಮ್ರದ ಪಟ್ಟಿನ 121 ಡಿಗ್ರಿ ಬಿಸಿ ಎಣ್ಣೆಲಿ 3 ಗಂಟೆ ಮುಳುಗಿಸಿಟ್ಟು ಎಷ್ಟು ಕಪ್ಪಾಯ್ತು ಅಂತ ನೋಡೋ ಪರೀಕ್ಷೆನೂ ಇದೆ. ಹಾಗಾಗಿ ಯಾರಾದ್ರೂ ಗೊತ್ತಿಲ್ದೆ ಜಿಎಲ್-5 ಹಾಕ್ಸಿಕೊಂಡು ಒಂದಿಷ್ಟು ದಿನ ಓಡಿಸಿದ್ರೆ ಗೇರ್ ಬಾಕ್ಸ್ ಹೋಯ್ತು ಅಂತ ಹೆದರೋದು ಬೇಡ, ಇಳಿಸಿ ಸರಿಯಾದ್ದು ಹಾಕ್ಸಿದ್ರೆ ಸಾಕು. ನನ್ನ ಪ್ರಕಾರ ದಿನನಿತ್ಯ ಕಾಡೋ ತೊಂದರೆ ಸವೆತಕ್ಕಿಂತ ಹೆಚ್ಚಾಗಿ ಆ ಜಾರಿಕೆಯದ್ದೇ.

ಒಂದು ಮಾತು ಸೇರಿಸ್ಬೇಕು, ಇಲ್ಲಾಂದ್ರೆ ತಪ್ಪಾಗುತ್ತೆ. ಎಲ್ಲಾ ಗೇರ್ ಬಾಕ್ಸಿಗೂ ಜಿಎಲ್-5 ಬೇಡ ಅಂತ ನಾನು ಹೇಳ್ತಿಲ್ಲ. ಸುಬಾರು ತರದ ಗಾಡಿಗಳಲ್ಲಿ ಇಂಜಿನ್ ಉದ್ದಕ್ಕೆ ಇದ್ದು, ಹೈಪಾಯ್ಡ್ ಗೇರು ಕೂಡ ಗೇರ್ ಬಾಕ್ಸಿನ ಎಣ್ಣೆಲೇ ಇರುತ್ತೆ, ಅಲ್ಲಿ ಕಂಪನಿಯವರೇ ಜಿಎಲ್-5 ಹೇಳ್ತಾರೆ, ರಿಂಗುಗಳನ್ನೂ ಅದಕ್ಕೆ ಹೊಂದೋ ಹಾಗೆ ಮಾಡಿರ್ತಾರೆ. ವಿದೇಶದಲ್ಲಿರೋ ನಮ್ಮವರು ಅಂಥ ಗಾಡಿ ಇಟ್ಕೊಂಡಿದ್ರೆ ಈ ಉತ್ತರ ಓದಿ ಜಿಎಲ್-4 ಹಾಕ್ಸಿಬಿಡ್ಬೇಡಿ. ಮ್ಯಾನ್ಯುಯಲ್ಲೇ ಮೊದಲು.

ಇನ್ನು ಕ್ಯಾನ್ ಮೇಲೆ ಜಿಎಲ್-4/ಜಿಎಲ್-5 ಅಂತ ಎರಡೂ ಬರೆದಿರೋದು ಸಿಗುತ್ತೆ, ಅಂಗಡಿಯವರು ಎರಡಕ್ಕೂ ಆಗುತ್ತೆ ತಗೊಳ್ಳಿ ಅಂತಾರೆ. ಅದರಲ್ಲಿ ಎರಡು ತರ ಇದೆ. ಕೆಲವು ನಿಜವಾಗ್ಲೂ ಸಿಂಕ್ರೊ ಇರೋ ಗೇರ್ ಬಾಕ್ಸ್ ಗಮನದಲ್ಲಿಟ್ಟು ಮಾಡಿರೋದು, ಕೆಲವು ಬರೀ ಜಿಎಲ್-5 ಎಣ್ಣೆ, ಒತ್ತಡ ತಡೆಯೋ ಪರೀಕ್ಷೆಲಿ ಜಿಎಲ್-4 ಮಟ್ಟ ಹೇಗೂ ದಾಟುತ್ತಲ್ಲ ಅಂತ ಅದನ್ನೂ ಬರ್ಕೊಂಡಿರೋದು. ಕ್ಯಾನಿನ ಹಿಂದೆ ಸಿಂಕ್ರೊಮೆಶ್ ಗೇರ್ ಬಾಕ್ಸಿಗೆ ಸೂಕ್ತ ಅಂತ ಸ್ಪಷ್ಟವಾಗಿ ಇದ್ರೆ ಪರವಾಗಿಲ್ಲ, ಇಲ್ಲಾಂದ್ರೆ ಬರೀ ಜಿಎಲ್-4 ಇರೋದೇ ತಗೊಳ್ಳಿ. ಒಂದೇ ಕಂಪನಿಲಿ ಒಂದೇ ನಂಬರಲ್ಲಿ ಎರಡು ಬಗೆ ಬರುತ್ತೆ ಅನ್ನೋದನ್ನೂ ಗಮನಿಸಿ. ಶೆಲ್‌ನವರ ಸ್ಪೈರಾಕ್ಸ್ ಎಸ್2 ಜಿ 80ಡಬ್ಲ್ಯು-90 ಅಂದ್ರೆ ಜಿಎಲ್-4, ಅದೇ ಸ್ಪೈರಾಕ್ಸ್ ಎಸ್2 ಎ 80ಡಬ್ಲ್ಯು-90 ಅಂದ್ರೆ ಜಿಎಲ್-5. ಮೊಬಿಲ್ ಅವರದ್ದು ಮೊಬಿಲೂಬ್ ಜಿಎಕ್ಸ್ ಜಿಎಲ್-4, ಮೊಬಿಲೂಬ್ ಎಚ್‌ಡಿ ಜಿಎಲ್-5. ಅಂಗಡೀಲಿ ನಿಂತು 80-90 ಕೊಡಿ ಅಂದ್ರೆ ಯಾವುದು ಕೈಗೆ ಸಿಗುತ್ತೋ ಅದು ಬರುತ್ತೆ, ಒಂದಕ್ಷರದ ವ್ಯತ್ಯಾಸ ಯಾರೂ ನೋಡಲ್ಲ. ಹಳೇ ಮಾದರಿ ಕ್ಯಾನುಗಳ ಮೇಲೆ ಎಮ್‌ಐಎಲ್-ಎಲ್-2105 ಅಂತ ಇದ್ರೆ ಅದು ಜಿಎಲ್-4 ಮಟ್ಟ, ಕೊನೇಲಿ ಡಿ ಅಕ್ಷರ ಇದ್ರೆ ಜಿಎಲ್-5 ಮಟ್ಟ, ಅದು ಅಮೆರಿಕದ ಸೈನ್ಯ ತನ್ನ ಗಾಡಿಗಳಿಗೆ ಮಾಡ್ಕೊಂಡಿದ್ದ ಅಳತೆ.

ಈಗ ದಪ್ಪದ ವಿಷಯ. ನಮ್ಮಲ್ಲಿ ನೈಂಟಿ ಆಯಿಲ್, ಒನ್ ಫಾರ್ಟಿ ಆಯಿಲ್ ಅಂತ ಕೇಳೋ ರೂಢಿ, ಲಾರಿ ಟ್ರ್ಯಾಕ್ಟರ್ ಕಾಲದಿಂದ ಬಂದಿದ್ದು. 90 ಅಂದ ತಕ್ಷಣ ಇಂಜಿನ್ನಿಗೆ ಹಾಕೋ 40ಕ್ಕಿಂತ ಎರಡರಷ್ಟು ದಪ್ಪ ಅಂದ್ಕೊಳ್ತಾರೆ, ಆದ್ರೆ ಎಸ್‌ಎಇ ಅನ್ನೋ ಅಮೆರಿಕದ ಸಂಸ್ಥೆಯವರು ಗೇರ್ ಆಯಿಲಿಗೆ ಬೇರೆ ಅಳತೆಗೋಲು ಇಟ್ಟಿದ್ದಾರೆ, ಇಂಜಿನ್ ಆಯಿಲಿಗೆ ಬೇರೆ. 100 ಡಿಗ್ರಿ ಬಿಸಿಲಿ ಅಳೆದ್ರೆ ಗೇರ್ ಆಯಿಲಿನ 90 ಶುರುವಾಗೋದು 13.5 ಸೆಂಟಿಸ್ಟೋಕಿಂದ (ಎಣ್ಣೆ ದಪ್ಪದ ಅಳತೆ), ಇಂಜಿನ್ ಆಯಿಲಿನ 40 ಇರೋದು 12.5ರಿಂದ 16.3ರ ಒಳಗೆ. ಎರಡೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಕೂರ್ತವೆ. ಹೋಂಡಾದವರು ತಮ್ಮದೇ ಎಮ್‌ಟಿಎಫ್ (ಮ್ಯಾನ್ಯುಯಲ್ ಗೇರ್ ಬಾಕ್ಸಿನ ಎಣ್ಣೆ) ಸಿಗದೇ ಇದ್ದಾಗ ತಾತ್ಕಾಲಿಕವಾಗಿ 10ಡಬ್ಲ್ಯು-30 ಇಲ್ಲಾ 10ಡಬ್ಲ್ಯು-40 ಇಂಜಿನ್ ಆಯಿಲ್ ಹಾಕ್ಬೋದು ಅಂತ ಮ್ಯಾನ್ಯುಯಲ್ಲಲ್ಲೇ ಬರ್ದಿರೋದನ್ನ ನೋಡಿ ಜನ ಗಾಬರಿ ಆಗ್ತಾರೆ, ಗಾಬರಿ ಆಗೋಂಥದ್ದೇನಿಲ್ಲ. ಆದ್ರೆ ಅಲ್ಲೇ ಮುಂದೆ ಬೇಗ ಎಮ್‌ಟಿಎಫ್ ಹಾಕ್ಸಿ ಅಂತಲೂ ಇದೆ, ಇಂಜಿನ್ ಆಯಿಲಲ್ಲಿ ಗೇರ್ ಬಾಕ್ಸಿಗೆ ಬೇಕಾದ ಅಡಿಟಿವ್ ಇರಲ್ಲ. ಹೋಂಡಾದ ಸಿಟಿ, ಅಮೇಜ್ ಇಟ್ಕೊಂಡಿರೋರು ಅದಕ್ಕೆ ದಪ್ಪ 80ಡಬ್ಲ್ಯು-90 ಹಾಕ್ಸೋ ಯೋಚನೆ ದಯವಿಟ್ಟು ಬಿಟ್ಬಿಡಿ.

ಡಬ್ಲ್ಯು ಜೊತೆ ಇರೋ ನಂಬರು ಚಳೀದು. 75ಡಬ್ಲ್ಯು ಅಂದ್ರೆ ಮೈನಸ್ 40 ಡಿಗ್ರಿವರೆಗೂ ಒಂದು ಮಿತಿಗಿಂತ ಗಟ್ಟಿ ಆಗಲ್ಲ, 80ಡಬ್ಲ್ಯು ಅಂದ್ರೆ ಮೈನಸ್ 26, 85ಡಬ್ಲ್ಯು ಅಂದ್ರೆ ಮೈನಸ್ 12. ಇಲ್ಲಿ ಒಂದು ವಾದ ಯಾವಾಗ್ಲೂ ಬರುತ್ತೆ. ಬೆಂಗಳೂರಲ್ಲಿ ಇಲ್ಲಿವರೆಗೂ ದಾಖಲಾಗಿರೋ ಅತಿ ಕಡಿಮೆ ಅಂದ್ರೆ 1884ರ ಜನವರಿಯ 7.8 ಡಿಗ್ರಿ, ನಮಗ್ಯಾಕೆ ಮೈನಸ್ 40ರ ಆಯಿಲು, 80ಡಬ್ಲ್ಯು ಸಾಕಲ್ವಾ ಅಂತ. ಕೇಳೋಕೆ ಸರಿಯಾಗೇ ಇದೆ. ಆದ್ರೆ ಆ ನಂಬರ್ ಹೇಳೋದು ಮೈನಸ್ 40ರ ಕಥೆ ಮಾತ್ರ ಅಲ್ಲ, ಎಣ್ಣೆ ತಣ್ಣಗಾದಾಗೆಲ್ಲ ಹೇಗೆ ವರ್ತಿಸುತ್ತೆ ಅನ್ನೋದರ ಸುಳಿವು ಅದು. 40 ಡಿಗ್ರಿಲಿ, ಅಂದ್ರೆ ನಮ್ಮ ರಾಯಚೂರಿನ ಬೇಸಿಗೆ ಮಧ್ಯಾಹ್ನದ ಬಿಸಿಲಿ ಅಳೆದ್ರೂ, ಮಾಮೂಲಿ ಮಿನರಲ್ 80ಡಬ್ಲ್ಯು-90 ಸುಮಾರು 140 ಸೆಂಟಿಸ್ಟೋಕ್ ಇರುತ್ತೆ, ಸಿಂಥೆಟಿಕ್ 75ಡಬ್ಲ್ಯು-90 ನೂರರ ಆಸುಪಾಸು ಇಲ್ಲಾ ಅದಕ್ಕಿಂತ ಕಮ್ಮಿ, 75ಡಬ್ಲ್ಯು-80 ಅಂತೂ ಐವತ್ತರ ಆಸುಪಾಸು. ಪೂರ್ತಿ ಬಿಸಿ ಆದ್ಮೇಲೆ 80ಡಬ್ಲ್ಯು-90ಗೂ 75ಡಬ್ಲ್ಯು-90ಗೂ ಏನೂ ವ್ಯತ್ಯಾಸ ಉಳಿಯಲ್ಲ. ತಣ್ಣಗಿರುವಾಗ ಮಾತ್ರ ಅಜಗಜಾಂತರ, ಹಾಸನದ ಡಿಸೆಂಬರ್ ಬೆಳಿಗ್ಗೆ ಹದಿನಾಲ್ಕು ಹದಿನೈದು ಡಿಗ್ರಿಲಿ ಆ ಅಂತರ ಇನ್ನೂ ಹಿಗ್ಗುತ್ತೆ.

ನಿಮ್ಮ ಗಾಡಿ ಮಾಡ್ತಿರೋದೂ ಇದೇ ಇರ್ಬೋದು. ರಿಂಗು ಕೋನನ್ನ ಹಿಡೀಬೇಕಾದ್ರೆ ಮಧ್ಯದ ಎಣ್ಣೆನ ಮೊದಲು ಹೊರಗೆ ಒತ್ತಬೇಕು, ಅದಕ್ಕೇ ರಿಂಗಿನ ಒಳಮೈಲಿ ಸಣ್ಣ ಸಣ್ಣ ಗೆರೆ ಕೊರೆದಿರ್ತಾರೆ. ಎಣ್ಣೆ ತಣ್ಣಗೆ ದಪ್ಪಗೆ ಇದ್ರೆ ಬೇಗ ಹೊರಗೆ ಹೋಗಲ್ಲ, ಎರಡು ಮೂರು ಕಿಲೋಮೀಟರ್ ಓಡಿ ಸ್ವಲ್ಪ ಬಿಸಿ ಆದ್ಮೇಲೆ ತೆಳ್ಳಗಾಗಿ ಜಾಗ ಬಿಡುತ್ತೆ, ಗೇರ್ ಸಲೀಸಾಗುತ್ತೆ. ಬೆಳಿಗ್ಗೆ ಮಾತ್ರ ಗಟ್ಟಿ ಆಮೇಲೆ ಸರಿ ಅನ್ನೋರಿಗೆ ಬಹಳ ಸಲ ಸರಿಯಾದ 75ಡಬ್ಲ್ಯು ಜಿಎಲ್-4 ಒಂದರಿಂದಲೇ ಗುಣ ಕಾಣುತ್ತೆ. ಅಂಥದ್ದರಲ್ಲಿ 80ಡಬ್ಲ್ಯು-90 ಜಿಎಲ್-5 ಹಾಕ್ಸಿದ್ರೆ ದಪ್ಪದಲ್ಲೂ ತಪ್ಪು, ಹಿಡಿತದಲ್ಲೂ ತಪ್ಪು, ಇರೋ ತೊಂದರೆ ಹೆಚ್ಚಾಗುತ್ತೆ.

ಆದ್ರೆ ಆಯಿಲ್ ತರೋಕೆ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಕ್ಲಚ್ ಒತ್ತಿ ಎಲ್ಲಾ ಗೇರೂ ಒಂದ್ಸಲ ಹಾಕಿ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ ನಿಂತಲ್ಲೇ ಮತ್ತೆ ಹಾಕಿ ನೋಡಿ. ಇಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಆದ್ಮೇಲೆ ಫಸ್ಟು ಬೀಳೋಕೆ ಒದ್ದಾಡಿ ರಿವರ್ಸ್ ಕರ್ರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ ಅರ್ಥ, ಕೇಬಲ್ ಆಗಿರ್ಲಿ ಹೈಡ್ರಾಲಿಕ್ ಆಗಿರ್ಲಿ ಅದನ್ನ ನೋಡಿಸ್ಬೇಕು, ಯಾವ ಆಯಿಲ್ ಹಾಕಿದ್ರೂ ಅದು ಹೋಗಲ್ಲ. ಆಫ್ ಇದ್ದಾಗ್ಲೂ ಎಲ್ಲಾ ಗೇರೂ ಬಿಗಿ ಅಂದ್ರೆ ಲಿವರಿನಿಂದ ಬಾಕ್ಸಿಗೆ ಹೋಗೋ ಲಿಂಕೇಜು, ಬುಷ್ಷುಗಳು ಒಣಗಿರೋದು. ನ್ಯೂಟ್ರಲಲ್ಲಿ ನಿಂತಾಗ ಗುಂಯ್ ಅಂತ ಸದ್ದು ಬಂದು ಕ್ಲಚ್ ಒತ್ತಿದ ಕೂಡ್ಲೇ ನಿಂತ್ರೆ ಬೇರಿಂಗ್ ಕಡೆ ನೋಡ್ಬೇಕು. ದಪ್ಪ ಆಯಿಲ್ ಹಾಕಿ ಆ ಸದ್ದು ಅಡಗಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಸದ್ದು ಅಡಗುತ್ತೆ, ಬೇರಿಂಗ್ ಒಳಗೊಳಗೇ ಹೋಗ್ತಾ ಇರುತ್ತೆ.

ಸಿಂಥೆಟಿಕ್ ಬೇಕಾ ಅಂದ್ರಿ. ಗೇರ್ ಬಾಕ್ಸಿಗೆ ನಾನು ಬೇಕು ಅಂತೀನಿ, ಇಂಜಿನ್ನಿಗಿಂತ ಒಂದು ಕೈ ಜಾಸ್ತಿನೇ ಹೇಳ್ತೀನಿ. ಲೀಟರಿಗೆ ಮಿನರಲ್‌ಗಿಂತ ಎರಡು ಮೂರು ಪಟ್ಟು ದುಡ್ಡು ಇರ್ಬೋದು, ಆದ್ರೆ ಸ್ವಿಫ್ಟಿಗೆ ಹಿಡಿಯೋದು ಎರಡು ಲೀಟರ್ ಚಿಲ್ಲರೆ, ಅದೂ ವರ್ಷಗಟ್ಟಲೆ ಒಳಗೇ ಇರುತ್ತೆ. ಕಿಲೋಮೀಟರಿಗೆ ಲೆಕ್ಕ ಹಾಕಿದ್ರೆ ಏನೂ ಅಲ್ಲ. ಸಕಲೇಶಪುರ ದಾಟಿ ಶಿರಾಡಿ ಇಳಿಯೋದು ಹತ್ತೋದು ನಿಮಗೆ ಮಾಮೂಲಿ ಇರುತ್ತೆ, ಘಾಟಿ ಇಳಿಯುವಾಗ ಸೆಕೆಂಡು ಥರ್ಡಲ್ಲಿ ಇಂಜಿನ್ ಬ್ರೇಕಿಂಗ್ ಮಾಡ್ಕೊಂಡು ಬಂದ್ರೆ ಗೇರ್ ಬಾಕ್ಸ್ ಬಿಸಿ ಏರುತ್ತೆ, ಇಂಥ ಗಾಡಿಗಳ ಗೇರ್ ಬಾಕ್ಸಿಗೆ ರೇಡಿಯೇಟರ್ ಗೀಡಿಯೇಟರ್ ಏನೂ ಇಲ್ಲ, ಬೀಸೋ ಗಾಳಿನೇ ಗತಿ. ಆ ಬಿಸಿಲಿ ಕೆಡದೇ ಇರೋದು, ಬೆಳಿಗ್ಗೆ ತಣ್ಣಗಿರುವಾಗ ಹರಿಯೋದು, ಎರಡರಲ್ಲೂ ಸಿಂಥೆಟಿಕ್ ಮುಂದೆ. ಆದ್ರೆ ಸಿಂಥೆಟಿಕ್ ಜಿಎಲ್-5ಕ್ಕಿಂತ ಮಿನರಲ್ ಜಿಎಲ್-4 ನಿಮ್ಮ ಗಾಡಿಗೆ ಮೇಲು, ಈ ಕ್ರಮ ತಲೆಕೆಳಗು ಮಾಡ್ಬೇಡಿ. ಮೊದಲು ಜಿಎಲ್ ನಂಬರ್, ಆಮೇಲೆ ದಪ್ಪ, ಆಮೇಲೆ ಸಿಂಥೆಟಿಕ್ಕೋ ಮಿನರಲ್ಲೋ, ಬ್ರಾಂಡ್ ಎಲ್ಲಕ್ಕಿಂತ ಕೊನೆಗೆ. ಕಂಪನಿದೇ ಜೆನ್ಯೂನ್ ಆಯಿಲ್ ಸ್ಪೇರ್ಸ್ ಅಂಗಡೀಲಿ ಸಿಕ್ರೆ ಅದಕ್ಕಿಂತ ತಲೆನೋವಿಲ್ಲದ ಆಯ್ಕೆ ಇನ್ನೊಂದಿಲ್ಲ.

ಗ್ಯಾರೇಜಲ್ಲಿ ಡ್ರಮ್ಮಿಂದ ಮಗ್ಗಲ್ಲಿ ಹಿಡಿದು ಹಾಕೋ ಲೂಸ್ ಆಯಿಲ್ ಮಾತ್ರ ಬೇಡ. ಮೋಸ ಮಾಡ್ತಾರೆ ಅಂತ ಅಲ್ಲ, ಆ ಡ್ರಮ್ಮು ಸಾಮಾನ್ಯವಾಗಿ ಗೂಡ್ಸ್ ಗಾಡಿಗಳ ಆಕ್ಸಲಿಗೆ ಅಂತ ತಂದಿರ್ತಾರೆ, ಕಾರಿಗೂ ಅದೇ ಬೀಳುತ್ತೆ. ನೀವೇ ಸೀಲ್ ಕ್ಯಾನ್ ತಗೊಂಡು ಹೋಗಿ, ಎದುರಿಗೆ ನಿಂತು ಹಾಕ್ಸಿ. ಮೇಲಿಂದ ಸೇರಿಸೋ ಟೆಫ್ಲಾನ್, ಮಾಲಿಬ್ಡಿನಮ್ ಬಾಟಲಿಗಳೂ ಬೇಡ, ಎಲ್ಲಾ ಜಾರಿಸೋ ಸಾಮಾನುಗಳೇ, ರಿಂಗಿಗೆ ಅದು ಬೇಡ ಅಂತ ಇಷ್ಟು ಹೊತ್ತು ಮಾತಾಡಿದ್ದು.

ಬದಲಾಯಿಸುವಾಗ ಗಾಡಿ ಹತ್ತು ಹದಿನೈದು ನಿಮಿಷ ಓಡಿಸಿ ಬೆಚ್ಚಗೆ ಮಾಡ್ಕೊಂಡು ಹೋಗಿ, ಎಣ್ಣೆ ಪೂರ್ತಿ ಇಳಿಯುತ್ತೆ. ಗಾಡಿ ಲಿಫ್ಟ್ ಮೇಲೋ ಪಿಟ್ ಮೇಲೋ ಸಮತಟ್ಟಾಗಿ ಇರ್ಬೇಕು, ಒಂದು ಕಡೆ ಜಾಕ್ ಕೊಟ್ಟು ಎತ್ತಿದ್ರೆ ಮಟ್ಟ ತಪ್ಪುತ್ತೆ, ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಗೋದು ಜೀವಕ್ಕೇ ಅಪಾಯ. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಇದು ಬಹಳ ಮುಖ್ಯ, ಹಳೇ ಗಾಡಿಲಿ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬರದೇ ಇದ್ರೆ, ಕೆಳಗಿಂದ ಎಣ್ಣೆ ಎಲ್ಲಾ ಇಳಿಸಿಬಿಟ್ಟು ತುಂಬೋಕೆ ದಾರಿ ಇಲ್ದೆ ಗಾಡಿ ಅಲ್ಲೇ ನಿಲ್ಲುತ್ತೆ. ಡ್ರೈನ್ ಬೋಲ್ಟಲ್ಲಿ ಮ್ಯಾಗ್ನೆಟ್ ಇದ್ರೆ ಅದನ್ನ ನೀವೇ ಕೈಯಲ್ಲಿ ತಗೊಂಡು ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ತರ ಅಂಟಿರೋದು ಸಹಜ, 92 ಸಾವಿರಕ್ಕೆ ಅಷ್ಟು ಇರ್ಲೇಬೇಕು. ಚೂರು ಚೂರು ಕಬ್ಬಿಣ ಸಿಕ್ರೆ ಹಲ್ಲು ಇಲ್ಲಾ ಬೇರಿಂಗ್ ಹೋಗಿದೆ. ಇಳಿದ ಎಣ್ಣೆನ ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದಲ್ಲಿ ಮಿಣ ಮಿಣ ಅಂದ್ರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ, ಮ್ಯಾಗ್ನೆಟ್ಟಿಗೆ ಅಂಟಲ್ಲ, ಎಣ್ಣೆಲೇ ತೇಲ್ತಾ ಇರುತ್ತೆ. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ರೆ ನೀರು ಹೋಗಿದೆ. ಬಿಸಿ ಗೇರ್ ಬಾಕ್ಸು ತಣ್ಣೀರಲ್ಲಿ ಮುಳುಗಿದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ, ಉಸಿರಾಡೋಕೆ ಇಟ್ಟಿರೋ ಬ್ರೀದರ್ ಮೂಲಕ ನೀರು ಎಳ್ಕೊಳ್ಳುತ್ತೆ, 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿತ್ತಲ್ಲ, ಅಂಥ ನೀರಲ್ಲಿ ನಿಂತ ಗಾಡಿಗಳಿಗೆ ಇಂಜಿನ್ ಆಯಿಲ್ ಮಾತ್ರ ಬದಲಾಯಿಸಿ ಗೇರ್ ಆಯಿಲ್ ಹಾಗೇ ಬಿಟ್ರೆ ಒಳಗೆ ತುಕ್ಕು ಶುರುವಾಗುತ್ತೆ. ಹಾಗೆ ನೀರು ಹೋಗಿದ್ರೆ ಕಿಲೋಮೀಟರ್ ಲೆಕ್ಕ ನೋಡ್ದೆ ತಕ್ಷಣ ಇಳಿಸ್ಬೇಕು.

ವಾಷರ್ ಇರೋ ಕಡೆ ಹೊಸ ವಾಷರ್, ಸೀಲೆಂಟ್ ಹಚ್ಚಿ ಅಂತ ಕಂಪನಿ ಹೇಳಿರೋ ಕಡೆ ಸೀಲೆಂಟ್. ಮೇಲಿನ ತೂತಿನ ಕೆಳತುಟಿಗೆ ಎಣ್ಣೆ ಬಂದು ಹನಿ ಹನಿ ಹೊರಗೆ ಬೀಳೋಕೆ ಶುರುವಾದ್ರೆ ಮಟ್ಟ ಸರಿ ಇದೆ ಅಂತ. ಇನ್ನೊಂದರ್ಧ ಲೀಟರ್ ಹೆಚ್ಚಿಗೆ ಇರ್ಲಿ ಅಂತ ಬಲವಂತ ಮಾಡ್ಬೇಡಿ, ನೊರೆ ಎದ್ದು ಸೀಲಲ್ಲಿ ಜಿನುಗುತ್ತೆ. ಹಳೇ ಎಣ್ಣೆ ಮೋರಿಗೆ ಸುರಿಯೋಕೆ ಬಿಡ್ಬೇಡಿ, ಗ್ಯಾರೇಜುಗಳಿಂದ ತಗೊಂಡು ಹೋಗೋರು ಇರ್ತಾರೆ. ಮುಂದಕ್ಕೆ ಎಷ್ಟು ಕಿಲೋಮೀಟರಿಗೆ ಅಂದ್ರೆ ಮ್ಯಾನ್ಯುಯಲಲ್ಲಿ ಇರೋದೇ ಲೆಕ್ಕ, ಅದು ಕಳೆದುಹೋಗಿದ್ರೆ 40 ಸಾವಿರಕ್ಕೊಮ್ಮೆ ಅಂತ ಇಟ್ಕೊಳ್ಳಿ. ಕೆಲವು ಕಂಪನಿಗಳು ಲೈಫ್‌ಟೈಮ್ ಫಿಲ್ ಅಂತಾರೆ, ನಾನು ಅದನ್ನ ಒಪ್ಪಲ್ಲ, ರಿಂಗಿನ ಪುಡಿ ತೇಲ್ತಾ ಇರೋ ಎಣ್ಣೆನ ಬದಲಾಯಿಸ್ದೆ ಬಿಟ್ರೆ ಒಳ್ಳೇದಾಗೋಕೆ ಕಾರಣನೇ ಇಲ್ಲ.

ಓಮ್ನಿ ವಿಷಯ. ಅದು ಹಿಂದಿನ ಚಕ್ರದ ಗಾಡಿ, ಗೇರ್ ಬಾಕ್ಸ್ ಮಧ್ಯದಲ್ಲಿ, ಕ್ರೌನ್ ಪಿನಿಯನ್ ಹಿಂದಿನ ಹೌಸಿಂಗಲ್ಲಿ, ಎರಡಕ್ಕೂ ಬೇರೆ ಬೇರೆ ಡ್ರೈನ್ ಬೋಲ್ಟು, ಬೇರೆ ಬೇರೆ ಎಣ್ಣೆ. ಗೇರ್ ಬಾಕ್ಸಿಗೆ ಜಿಎಲ್-4, ಹಿಂದಿನ ಹೌಸಿಂಗಲ್ಲಿರೋದು ಹೈಪಾಯ್ಡ್ ಗೇರು, ಅಲ್ಲಿಗೆ ಜಿಎಲ್-5. ಗ್ಯಾರೇಜಿನವರು ಹೇಳಿದ 80ಡಬ್ಲ್ಯು-90 ಜಿಎಲ್-5 ಕ್ಯಾನು ಸೇರಬೇಕಾದ ಜಾಗ ಅದೇ. ಅಲ್ಲಿ ಮಾತ್ರ ಉಲ್ಟಾ ತಪ್ಪು ಮಾಡ್ಬೇಡಿ, ಮಿಕ್ಕಿದ ಜಿಎಲ್-4 ಇದೆ ಅಂತ ಹೌಸಿಂಗಿಗೆ ಸುರಿದು, ಏಳೆಂಟು ಜನ ಕೂರಿಸ್ಕೊಂಡು ಘಾಟಿ ಹತ್ತಿಸಿದ್ರೆ ಹಲ್ಲು ಕಿತ್ತುಬರುತ್ತೆ. ಈಕೋ, ಬೊಲೆರೊ, ಸುಮೊ ಇರೋರಿಗೂ ಇದೇ ಮಾತು, ಫೋರ್ ವೀಲ್ ಡ್ರೈವ್ ಆಗಿದ್ರೆ ಮುಂದಿನ ಆಕ್ಸಲೂ ಟ್ರಾನ್ಸ್‌ಫರ್ ಕೇಸೂ ಲೆಕ್ಕಕ್ಕೆ ಸೇರುತ್ತೆ. ಓಮ್ನಿ ಹೌಸಿಂಗ್ ಮೇಲಿರೋ ಬ್ರೀದರ್ ಕೆಸರು ಕಟ್ಕೊಂಡಿದ್ಯಾ ಅಂತಲೂ ನೋಡಿಸಿ, ಅದು ಮುಚ್ಚಿದ್ರೆ ಒಳಗೆ ಒತ್ತಡ ಏರಿ ಹಿಂದಿನ ಚಕ್ರದ ಸೀಲ್ ಮೂಲಕ ಎಣ್ಣೆ ಬ್ರೇಕ್ ಲೈನರ್ ಮೇಲೆ ಇಳಿಯುತ್ತೆ.

ಇದೇ ಪ್ರಶ್ನೆ ಎಎಮ್‌ಟಿ ಗಾಡಿಯವರೂ ಕೇಳ್ತಾರೆ, 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಜಿಎಸ್ ತರದವು. ಅದು ಒಳಗೆ ಮ್ಯಾನ್ಯುಯಲ್ ಗೇರ್ ಬಾಕ್ಸೇ, ಅದಕ್ಕೂ ಮ್ಯಾನ್ಯುಯಲ್ ಗೇರ್ ಆಯಿಲೇ, ಆದ್ರೆ ಕ್ಲಚ್ಚು ಗೇರು ಆಡಿಸೋ ಆಕ್ಚುಯೇಟರಲ್ಲಿರೋ ಹೈಡ್ರಾಲಿಕ್ ಎಣ್ಣೆ ಬೇರೆ, ಅದನ್ನ ಮುಟ್ಟೋದಿದ್ರೆ ಗೊತ್ತಿರೋರ ಹತ್ರ ಮಾತ್ರ. ಸಿವಿಟಿ, ಟಾರ್ಕ್ ಕನ್ವರ್ಟರ್, ಡಿಎಸ್‌ಜಿ ತರದ ಬೇರೆ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇರೋರು ಮೇಲೆ ಬರೆದಿರೋ ಒಂದಕ್ಷರವನ್ನೂ ತಮ್ಮ ಗಾಡಿಗೆ ಅನ್ವಯಿಸ್ಕೋಬೇಡಿ.

ಹೊಸ ಎಣ್ಣೆ ಹಾಕ್ಸಿದ್ಮೇಲೆ ಅವತ್ತೇ ತೀರ್ಮಾನ ಮಾಡ್ಬೇಡಿ, ಐದಾರು ನೂರು ಕಿಲೋಮೀಟರ್ ಓಡ್ಲಿ, ರಿಂಗಿನ ಗೆರೆಗಳಲ್ಲಿ ಕೂತಿರೋ ಹಳೇದು ಹೊರಗೆ ಬರ್ಬೇಕು. ಅಲ್ಲಿವರೆಗೂ ಬೆಳಿಗ್ಗೆ ಸೆಕೆಂಡಿಗೆ ಹಾಕುವಾಗ ಲಿವರನ್ನ ಒತ್ತಿ ಹಿಡಿದು ಅರೆಕ್ಷಣ ಕಾದು ಒಳಗೆ ಬಿಡಿ, ಗುದ್ದಬೇಡಿ. ಆಮೇಲೂ ಬೆಳಿಗ್ಗೆ ಮಾತ್ರ ಸ್ವಲ್ಪ ಗಟ್ಟಿ ಅನ್ಸಿದ್ರೆ ಅದನ್ನ ಬಿಟ್ಬಿಡಿ, ಆ ವಯಸ್ಸಿನ ಗಾಡಿಗೆ ಅಷ್ಟು ಇರುತ್ತೆ. ಬಿಸಿ ಆದ್ಮೇಲೂ ಸೆಕೆಂಡು ಕರ್ರ್ ಅಂತಿದ್ರೆ, ಇಲ್ಲಾ ಹಾಕಿದ ಗೇರು ಇಳಿಜಾರಲ್ಲಿ ತಾನಾಗೇ ನ್ಯೂಟ್ರಲಿಗೆ ಜಾರ್ತಿದ್ರೆ ಸಿಂಕ್ರೊ ರಿಂಗೋ ಅದರ ಹಬ್ ಭಾಗವೋ ಸವೆದಿದೆ, ಎಣ್ಣೆಯಿಂದ ಆಗೋ ಕೆಲಸ ಮುಗೀತು, ಬಾಕ್ಸ್ ಇಳಿಸಿ ಬಿಚ್ಚಲೇಬೇಕು. ಹಾಗೆ ಇಳಿಸೋದಾದ್ರೆ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಆಕ್ಸಲ್ ಸೀಲು ಮೂರನ್ನೂ ಅದೇ ಸಲ ನೋಡಿಸಿ, ಬಾಕ್ಸ್ ಇಳಿಸಿ ಏರಿಸೋ ಕೂಲಿನೇ ದೊಡ್ಡದು, ಅದನ್ನ ಎರಡು ಸಲ ಕೊಡೋ ಹಾಗಾಗ್ಬಾರ್ದು.